ಆಗ್ನೇಯ ಮೂಲೆಯ ಬಾಯ್ಲರ್

ನನಗೊಂದು ಕೆಟ್ಟ ಚಟ ಅಂಟಿಕೊಂಡಿದೆ. ಯಾರ ಮನೆಗೆ ಊಟಕ್ಕೆ ಹೋದರೂ ಬೂಟು ಬಿಚ್ಚಿದ ಕೂಡಲೇ ನನ್ನ ಕಣ್ಣು ಅವರ ಬಾಯ್ಲರನ್ನು ಹುಡುಕುತ್ತದೆ. ಬೇರೆ ಹೆಂಗಸರು ಪರದೆ ನೋಡುತ್ತಾರೆ, ಸೋಫಾ ನೋಡುತ್ತಾರೆ, ಸೊಸೆಯ ಮುಖ ನೋಡುತ್ತಾರೆ. ನಾನು ಅಡುಗೆಮನೆಯ ಕಪಾಟಿನ ಬಾಗಿಲನ್ನು ಮೆಲ್ಲಗೆ ತೆರೆದು, ಒಳಗೆ ಗ್ಯಾಸು ಉರಿಸಿ ಇಡೀ ಮನೆಯನ್ನು ಬೆಚ್ಚಗಿಡುವ ಆ ಬಿಳಿ ಪೆಟ್ಟಿಗೆಯನ್ನೂ ಅದರ ನೆತ್ತಿಯಿಂದ ಹೊರಟ ಹೊಗೆಕೊಳವೆಯನ್ನೂ ನೋಡುತ್ತೇನೆ. ಆ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವವರೆಗೆ ನನಗೆ ಊಟ ಸೇರುವುದಿಲ್ಲ. ಎಜ್‌ವೇರಿನ ಗೆಳತಿಯೊಬ್ಬಳು ಸತ್ಯನಾರಾಯಣ ಪೂಜೆಗೆ ಕರೆದಾಗ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ನಾನು ಅವಳ ಅಡುಗೆಮನೆಯಲ್ಲಿ ಕುರ್ಚಿ ಹತ್ತಿ ನಿಂತಿದ್ದೆ. ಬಂದವರೆಲ್ಲ ನನಗೆ ಸಪಾದಭಕ್ಷ್ಯದ ಆತುರ ಎಂದುಕೊಂಡರು. ಹಾಗೆ ಅಂದುಕೊಳ್ಳಲಿ ಎಂದು ಸುಮ್ಮನಾದೆ.

ಇದಕ್ಕೆಲ್ಲ ಮೂಲ ನಾವು ದಕ್ಷಿಣ ಲಂಡನ್ನಿನ ಸಟನ್‌ನಲ್ಲಿ ಮನೆ ಕೊಂಡ ಕಥೆ. ಅದು ಎರಡು ಸಾವಿರದ ಹದಿನೈದನೆಯ ಇಸವಿಯ ಜೂನ್ ತಿಂಗಳು. ಮಗಳು ಅನಘಾಗೆ ಆಗ ಒಂಬತ್ತು ವರ್ಷ. ಜಾಣ ಮಕ್ಕಳನ್ನಷ್ಟೇ ಆರಿಸಿ ಸೇರಿಸಿಕೊಳ್ಳುವ ಅಲ್ಲಿಯ ಗ್ರಾಮರ್ ಸ್ಕೂಲಿನ ಪ್ರವೇಶ ಪರೀಕ್ಷೆ ಕಣ್ಣ ಮುಂದೆ ಇತ್ತು. ಮಕ್ಕಳಿದ್ದ ಅರ್ಧ ಲಂಡನ್ನಿಗೆ ಇದೇ ಯೋಚನೆ ಬಂದಿತ್ತೋ ಏನೋ, ಒಂದು ಮನೆ ಮಾರಾಟಕ್ಕಿದೆ ಎಂದರೆ ಶನಿವಾರ ಬೆಳಿಗ್ಗೆ ಅದರ ಮುಂದೆ ರೇಷನ್ ಅಂಗಡಿಯ ಮುಂದೆ ನಿಂತಂತೆ ಸಾಲು ನಿಲ್ಲುತ್ತಿತ್ತು. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಏಜೆಂಟ್ ಹುಡುಗ ಕೈಗಡಿಯಾರ ನೋಡುತ್ತ ಬಾಗಿಲಲ್ಲಿ ನಿಂತಿರುತ್ತಿದ್ದ. ಸೀರೆ ಕೊಳ್ಳುವುದಕ್ಕೆ ಒಂದು ಮಧ್ಯಾಹ್ನವಿಡೀ ಕಳೆಯುವ ನಾನು, ಬದುಕಿನ ಅತಿ ದೊಡ್ಡ ಖರೀದಿಯನ್ನು ಹದಿನೈದು ನಿಮಿಷದಲ್ಲಿ ಮುಗಿಸಬೇಕಿತ್ತು.

ಆ ಹದಿನೈದು ನಿಮಿಷದಲ್ಲಿ ನಾವು ಏನು ಮಾಡಿದೆವು ಎಂದು ಕೇಳಿ. ನಮ್ಮ ಮುಂದಿದ್ದ ಜೋಡಿ ನಲ್ಲಿ ತಿರುಗಿಸಿ ನೋಡಿತು, ಗೋಡೆ ತಟ್ಟಿತು, ಕಾಗದಪತ್ರ ಕೇಳಿತು. ನಾವು ಫೋನಿನಲ್ಲಿ ದಿಕ್ಸೂಚಿ ತೆರೆದೆವು. ವಾಸ್ತು ಗೀಸ್ತು ನಾನು ನಂಬುವುದಿಲ್ಲ ಎಂದು ಹತ್ತು ಜನರ ಮುಂದೆ ಹೇಳಿಕೊಂಡು ತಿರುಗುವವಳು ನಾನು. ಆದರೆ ಕುಂದಾಪುರದಿಂದ ಅತ್ತೆ ಬೆಳಿಗ್ಗೆಯೇ ಫೋನ್ ಮಾಡಿ ಕೇಳಿದ್ದರು: “ಒಲಿ ಯಾವ ಮೂಲಿಯಗೆ ಇತ್ತ್ ಹೆಣೆ? ಅದೊಂದ್ ಕಂಡ್ಕಂಡ್ ಬಾ.” ಅತ್ತೆಯದು ಸುಮ್ಮನೆ ಕೇಳುವ ಮಾತಲ್ಲ. ಮಾವನ ಹೋಟೆಲಿನ ಅಡುಗೆಮನೆಯನ್ನು ಮೂವತ್ತು ವರ್ಷ ನಡೆಸಿದವರು ಅವರು. ಒಲೆಯ ವಿಷಯದಲ್ಲಿ ಅವರಿಗೆ ಎದುರಾಡುವ ಧೈರ್ಯ ಮಾವನಿಗೂ ಇರಲಿಲ್ಲವಂತೆ. ನಾನು ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ಗಿರಗಿರ ತಿರುಗಿದೆ. ಅಡುಗೆಮನೆ ಆಗ್ನೇಯ. ಅದರಲ್ಲಿ ಗ್ಯಾಸಿನ ಒಲೆ ಆಗ್ನೇಯ. ಒಲೆಯ ಪಕ್ಕದಲ್ಲಿ ಹೊಚ್ಚ ಹೊಸ ಬಾಯ್ಲರ್, ಅದೂ ಆಗ್ನೇಯ. ಇಡೀ ಮನೆಯ ಬೆಂಕಿಯೆಲ್ಲ ಅಗ್ನಿದೇವನ ಸ್ವಂತ ಮೂಲೆಯಲ್ಲಿ ಬಂದು ಕೂತಿತ್ತು. ಇಂಗ್ಲೆಂಡಿನಲ್ಲಿ ಇಂಥ ಮನೆ ಸಿಗುತ್ತದೆಯೇ ಎಂದು ನನಗೆ ರೋಮಾಂಚನವಾಯಿತು.

ಮಾರುವವನು ಆ ಹಳೆಯ ಮನೆಯನ್ನು ಕೆಲವೇ ತಿಂಗಳ ಹಿಂದೆ ಕೊಂಡು, ಬಣ್ಣ ಬಳಿದು, ಹೊಸ ಹೀಟಿಂಗ್ ಹಾಕಿಸಿ, ಮತ್ತೆ ಮಾರಾಟಕ್ಕೆ ಇಟ್ಟಿದ್ದ. ಮನೆಯನ್ನು ಪರೀಕ್ಷಕರಿಂದ ಪೂರ್ತಿ ನೋಡಿಸಬೇಕು ಎಂದು ನಮ್ಮವರು ಒಮ್ಮೆ ಅಂದರು. ಏಜೆಂಟ್ ನಯವಾಗಿ, ನೋಡಿಸಿ ಸರ್, ಅದಕ್ಕೆ ಎರಡು ವಾರ ಬೇಕು, ಇನ್ನೊಂದು ಕುಟುಂಬ ಸೋಮವಾರವೇ ಸಹಿ ಹಾಕಲು ತಯಾರಿದೆ ಎಂದ. ಆ ಇನ್ನೊಂದು ಕುಟುಂಬವನ್ನು ನಾವು ಇವತ್ತಿನವರೆಗೂ ಕಂಡಿಲ್ಲ. ಜೂನ್ ತಿಂಗಳ ಬಿಸಿಲು ಕಿಟಕಿಯಿಂದ ಸುರಿಯುತ್ತಿತ್ತು; ಅಂಥ ದಿನ ಹೀಟಿಂಗ್ ಹಾಕಿ ತೋರಿಸಪ್ಪ ಎಂದು ಯಾರು ಕೇಳುತ್ತಾರೆ? ಭಾನುವಾರವೇ ಒಪ್ಪಿಕೊಂಡೆವು. ಆಗಸ್ಟಿನಲ್ಲಿ ಆ ಆಗ್ನೇಯ ಮೂಲೆಯಲ್ಲೇ ಹಾಲು ಉಕ್ಕಿಸಿ ಒಳಗೆ ಬಂದೆವು.

ಚಳಿ ಬಂದ ಮೇಲೆ ಮನೆ ತನ್ನ ಗುಣ ತೋರಿಸತೊಡಗಿತು. ಹಾಲ್‌ನಲ್ಲಿ ಬಿಸಿ ಅಳೆಯುವ ಥರ್ಮೋಸ್ಟಾಟನ್ನು ಪುಣ್ಯಾತ್ಮರು ಬಾಯ್ಲರಿನ ಬಿಸಿನೀರು ಹರಿಯುವ ರೇಡಿಯೇಟರಿನ ನೆತ್ತಿಯ ಮೇಲೇ ಹೊಡೆದಿದ್ದರು. ಹೀಟಿಂಗ್ ಹೊತ್ತಿದ ಐದು ನಿಮಿಷಕ್ಕೆ ಅದಕ್ಕೆ ಸೆಕೆಯಾಗಿ, ಮನೆಯೆಲ್ಲ ಬೆಚ್ಚಗಾಯಿತು ಎಂದು ತೀರ್ಮಾನಿಸಿ ಬಾಯ್ಲರನ್ನು ಆರಿಸಿಬಿಡುತ್ತಿತ್ತು. ಅದಕ್ಕೊಂದು ಒದ್ದೆ ಟವೆಲ್ ಹೊದಿಸಿ ಮೋಸ ಮಾಡುವುದನ್ನು ನಾವು ಕಲಿತೆವು. ಊಟದ ಕೋಣೆಯಲ್ಲಿ ಉದ್ದನೆಯ ಚಂದದ ರೇಡಿಯೇಟರ್ ಒಂದಿತ್ತು. ಡಿಸೆಂಬರ್ ಬಂದರೂ ಅದು ಬಿಸಿಯಾಗಲಿಲ್ಲ. ನಮ್ಮವರು ಒಂದು ಶನಿವಾರ ನೆಲಕ್ಕೆ ಕಿವಿಯಿಟ್ಟು, ಮರದ ಹಲಗೆ ಎಬ್ಬಿಸಿ ನೋಡಿದರೆ ಅದರ ಪೈಪುಗಳು ನೆಲದೊಳಗೆ ಒಂದು ಗೇಣು ಇಳಿದು ಅಲ್ಲಿಗೇ ಮುಗಿದಿದ್ದವು. ಯಾವುದಕ್ಕೂ ಸೇರಿರಲಿಲ್ಲ. ಅಷ್ಟು ದಿನ ನಾವು ಅದಕ್ಕೆ ಬೆನ್ನು ಕೊಟ್ಟು ಕೂತು, ಈಗ ಸ್ವಲ್ಪ ಪರವಾಗಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದೆವು.

ಇಷ್ಟರ ನಡುವೆ ಇಡೀ ಮನೆಯಲ್ಲಿ ಬೆಚ್ಚಗಿದ್ದ ಕೋಣೆ ಒಂದೇ: ಮಹಡಿಯಲ್ಲಿ, ಅಡುಗೆಮನೆಯ ನೇರ ಮೇಲಿದ್ದ ಪುಟ್ಟ ಕೋಣೆ. ಅಲ್ಲಿ ಬರಿಗಾಲಲ್ಲಿ ನಿಂತರೆ ನೆಲವೇ ಬೆಚ್ಚಗೆ ಹಿತವಾಗಿರುತ್ತಿತ್ತು. ಜನವರಿಯಲ್ಲಿ ಅತ್ತೆ ನಾಲ್ಕು ತಿಂಗಳಿಗೆಂದು ಬಂದಾಗ ಆ ಕೋಣೆಯನ್ನು ಅವರಿಗೆ ಕೊಟ್ಟೆವು. ಮನೆಯ ಅತ್ಯುತ್ತಮ ಕೋಣೆ ಅತ್ತೆಗೆ ಎಂದು ನಾನು ಮೈಸೂರಿಗೆ ಫೋನ್ ಮಾಡಿ ನನ್ನ ಅಮ್ಮನ ಹತ್ತಿರ ಹೇಳಿಕೊಂಡದ್ದೂ ಉಂಟು. ಅಷ್ಟು ಸಾಲದೆಂದು ಕಿಟಕಿಯ ಸಂದಿಗಳಿಗೆಲ್ಲ ನಾನೇ ಕೂತು ಟೇಪ್ ಅಂಟಿಸಿದೆ. ಒಂದು ಎಳೆ ಗಾಳಿ ಒಳಗೆ ಬರಬಾರದು, ವಯಸ್ಸಾದ ಜೀವ ಎಂದು.

ಬಂದ ಒಂದು ವಾರಕ್ಕೆ ಅತ್ತೆಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಎದ್ದು ಬಂದವರೇ ಮೇಜಿಗೆ ಮೊಳಕೈ ಊರಿ ಕೂರುತ್ತಿದ್ದರು. “ಮಂಡಿ ಒಂದ್ ನಮನಿ ಆತಿತ್ತ್ ಹೆಣೆ. ಹೊಟ್ಟಿ ತೊಳ್ಸ್ದಂಗ್ ಆತ್ತ್.” ಮಂಡಿ ಎಂದರೆ ಅವರ ಕುಂದಾಪುರದ ಮಾತಿನಲ್ಲಿ ತಲೆ. ನಾನು ಮಾತ್ರೆ ಕೊಟ್ಟೆ, ಕಷಾಯ ಕೊಟ್ಟೆ. ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ವೈರಸ್ ಅಂದರು. ಅತ್ತೆ ದೃಷ್ಟಿ ಅಂದರು, ಉಪ್ಪು ಮೆಣಸು ನಿವಾಳಿಸಿಕೊಂಡರು. ನಮ್ಮವರು ಮಾತ್ರ ನಕ್ಕುಬಿಟ್ಟರು. “ಅಮ್ಮಂಗೆ ಬೇಡದಲ್ಲಿಗೆ ಹೋಪತಿಗೆಲ್ಲ ಮಂಡಿನೋವ್ ಬತ್ತ್. ನಾನು ಸಣ್ಣಂದಿನಿಂದ ಕಂಡದ್ದಲ್ದಾ,” ಅಂದರು. ಅಜ್ಜನ ಮನೆಯ ಕಡೆಯ ಮದುವೆಗಳಿಗೆ, ಜಗಳ ಆಡಿದ ನಾದಿನಿಯ ಸೀಮಂತಕ್ಕೆ, ಎಲ್ಲದಕ್ಕೂ ಅತ್ತೆಗೆ ಹೊರಡುವ ದಿನವೇ ತಲೆನೋವು ಬರುತ್ತಿತ್ತಂತೆ. ಅತ್ತೆಗೆ ಲಂಡನ್ ಹಿಡಿಸಲಿಲ್ಲ, ಊರಿಗೆ ಹೋಗಬೇಕು, ಹೇಳಲು ಸಂಕೋಚ ಎಂದು ನಾನೂ ಒಪ್ಪಿಕೊಂಡೆ. ಅದಕ್ಕೆ ನನ್ನ ಬಳಿ ಸಾಕ್ಷಿಯೂ ಇತ್ತು. ಭಾನುವಾರ ಹೊರಗೆ ಸುತ್ತಾಡಲು ಕರೆದುಕೊಂಡು ಹೋದರೆ ಅತ್ತೆ ಗೆಲುವಾಗುತ್ತಿದ್ದರು, ಹಸಿವು ಅನ್ನುತ್ತಿದ್ದರು. ಮನೆಗೆ ಬಂದು ರಾತ್ರಿ ಕಳೆದರೆ ಮತ್ತೆ ತಲೆ ಹಿಡಿದುಕೊಂಡು ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಬರುವ ತಲೆನೋವು ಎಂದರೆ ಅದು ನನ್ನ ಮೇಲಿನ ದೂರು ಎಂದು ನನಗೆ ಒಳಗೊಳಗೇ ಸಿಟ್ಟೂ ಬಂದಿತ್ತು.

ಇಲ್ಲಿ ನನ್ನ ಉದ್ಯೋಗ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. ನಾನು ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಅಪಾಯಿಂಟ್‌ಮೆಂಟ್ ಕೊಡುವ ಮೇಜಿನಲ್ಲಿ ಕೂರುವವಳು. ದಿನವಿಡೀ ಜನರ ನೋವು ಕೇಳುವುದೇ ಕೆಲಸ. ಎಷ್ಟು ದಿನದಿಂದ, ಎಲ್ಲಿ, ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂದು ಅಪರಿಚಿತರನ್ನು ಕಾಳಜಿಯಿಂದ ಕೇಳಿ ಬರೆದುಕೊಳ್ಳುತ್ತೇನೆ. ಮನೆಯಲ್ಲಿ ಇದೇ ಉತ್ತರಗಳು ಕೇಳದೆಯೇ ಸಿಕ್ಕಿದ್ದವು. ಅವುಗಳನ್ನು ಅತ್ತೆಯ ವಿರುದ್ಧ ಸಾಕ್ಷಿ ಎಂದು ಎತ್ತಿಟ್ಟುಕೊಂಡಿದ್ದೆ.

ಅತ್ತೆಗೆ ಆ ಬಾಯ್ಲರನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ದಿಕ್ಕು ಕೇಳಿ ಸಂತೋಷಪಟ್ಟವರೇ ಹೌದು. ಆದರೆ ಎದುರಿಗೆ ಕಂಡಾಗ ಮುಖ ಸಿಂಡರಿಸಿದರು. “ಬೆಂಕಿ ಕಾಣದ ಒಲಿನ ನಂಬುಕಾಗ. ಇದ್ರ್ ಹೊಗಿ ಹೋಪುದ್ ಎಲ್ಲಿಗೆ?” ಎಂದು ಕೇಳಿದರು. ಇದರಲ್ಲಿ ಹೊಗೆ ಬರುವುದಿಲ್ಲ ಅತ್ತೆ, ಹೊಸ ಕಾಲದ್ದು ಎಂದು ನಾನು ತಿಳುವಳಿಕೆ ಹೇಳಿದೆ. ನನ್ನ ಅಪ್ಪ ಮೈಸೂರಿನ ಪಾಠಶಾಲೆಯಲ್ಲಿ ತರ್ಕ ಹೇಳಿಕೊಡುತ್ತಿದ್ದವರು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯಬೇಕು ಎಂಬ ಪಾಠವನ್ನು ಅವರ ಹುಡುಗರು ಪಡಸಾಲೆಯಲ್ಲಿ ಉರು ಹೊಡೆಯುವುದನ್ನು ಕೇಳಿಯೇ ನಾನು ಬೆಳೆದದ್ದು. ಅದೇ ಪಾಠದ ಮುಂದಿನ ಭಾಗ, ಬೆಂಕಿ ಇದ್ದಲ್ಲೆಲ್ಲ ಹೊಗೆ ಕಾಣಬೇಕೆಂದಿಲ್ಲ, ಕಾದ ಕಬ್ಬಿಣದ ಗುಂಡನ್ನು ನೋಡು, ಕೆಂಪಗೆ ಉರಿಯುತ್ತದೆ, ಹೊಗೆ ಇಲ್ಲ ಎಂಬುದು. ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡವಳಿಗೆ ಕಾಣದ ಹೊಗೆ ಎಂಬುದೊಂದು ಇರಬಹುದು ಅಂತ ಹೊಳೆಯಲಿಲ್ಲ. ಪಾಠಶಾಲೆಯ ಮೆಟ್ಟಿಲು ಹತ್ತದ ಅತ್ತೆ ಅದನ್ನೇ ಕೇಳುತ್ತಿದ್ದರು.

ಅತ್ತೆಗೂ ನಮಗೂ ಇನ್ನೊಂದು ದಿನನಿತ್ಯದ ಯುದ್ಧವಿತ್ತು. ಸಂಜೆ ದೇವರಿಗೆ ದೀಪ ಹಚ್ಚಿ ಅವರು ಮುಂಬಾಗಿಲು ತೆರೆದಿಡುತ್ತಿದ್ದರು. “ದೀಪ ಹಚ್ಚು ಹೊತ್ತಿಗ್ ಬಾಗಿಲ್ ಹಾಕುಕಾಗ. ಲಕ್ಷ್ಮಿ ಬಪ್ಪುದ್ ಆ ಹೊತ್ತಿಗೇ.” ಅರ್ಧ ಗಂಟೆ ಬೀದಿಯ ಚಳಿಯೆಲ್ಲ ಹಾಲ್‌ನೊಳಗೆ ಬಂದು ಕೂರುತ್ತಿತ್ತು. “ಅಜ್ಜೀ, ಯು ಆರ್ ಲೆಟಿಂಗ್ ಆಲ್ ದ ಹೀಟ್ ಔಟ್,” ಎಂದು ಅನಘಾ ಕೋಟು ಹಾಕಿಕೊಂಡು ಕೂಗುತ್ತಿದ್ದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಲಕ್ಷ್ಮಿ ಬರುವ ಬಾಗಿಲಲ್ಲಿ ನಮ್ಮ ಗ್ಯಾಸ್ ಬಿಲ್ಲು ಹೊರಗೆ ಹೋಗುತ್ತಿದೆ ಎಂದು ನಾನೂ ಒಮ್ಮೆ ಅಂದೆ. ಅತ್ತೆ ಬಾಗಿಲು ಹಾಕಲಿಲ್ಲ.

ಫೆಬ್ರವರಿಯ ಒಂದು ದಿನ ಆಸ್ಪತ್ರೆಯ ಟೀ ಹೊತ್ತಿನಲ್ಲಿ ಗ್ರೇಸಿಯ ಮುಂದೆ ನನ್ನ ಗೋಳು ತೋಡಿಕೊಂಡೆ. ಗ್ರೇಸಿ ಅಲ್ಲಿ ನರ್ಸ್. ಉಡುಪಿ ಕಡೆಯವಳು, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ. ನನ್ನ ಅತ್ತೆಯ ತಲೆನೋವಿಗೂ ಬುದ್ಧಿ ಇದೆ ನೋಡು, ಮನೆಯಲ್ಲಿದ್ದರೆ ಮಾತ್ರ ಬರುತ್ತೆ, ಹೊರಗೆ ಹೋದರೆ ಮಾಯ ಎಂದು ನಗುತ್ತ ಹೇಳಿದೆ. ಗ್ರೇಸಿ ನಗಲಿಲ್ಲ. ಬಿಸ್ಕತ್ತು ಕೆಳಗಿಟ್ಟಳು.

“ನಿಮ್ಮ ಬಾಯ್ಲರ್ ಹಾಕಿದ್ದು ಯಾರು ಮಾರಾಯ್ತಿ?”

“ಗೊತ್ತಿಲ್ಲ. ಮೊದಲಿನವನು ಹಾಕಿಸಿದ್ದು.”

“ಕಾರ್ಬನ್ ಮಾನಾಕ್ಸೈಡ್ ಅಲಾರಂ ಉಂಟಾ ಮನೆಯಲ್ಲಿ?”

ಇರಲಿಲ್ಲ. ಹೊಗೆಯ ಅಲಾರಂ ಇತ್ತು. ಅದು ಒಗ್ಗರಣೆ ಹಾಕಿದಾಗಲೆಲ್ಲ ತಪ್ಪದೆ ಕೂಗುತ್ತಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು ಬಂದು ನಿದ್ದೆ ಬಂದಂತಾಗಿ ಜನ ಏಳುವುದೇ ಇಲ್ಲ ಎಂದು ಗ್ರೇಸಿ ಮೆಲ್ಲಗೆ ಹೇಳಿದಳು. ಆಮೇಲೆ ನಾನು ಮತ್ತೆ ಮೇಜಿಗೆ ಹೋಗಿ ಕೂರಲಿಲ್ಲ. ಮನೆಗೆ ಫೋನ್ ಮಾಡಿದರೆ ಅತ್ತೆ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ನಮ್ಮವರಿಗೆ ಫೋನ್ ಮಾಡಿ, ಕೂಡಲೇ ಮನೆಗೆ ಹೊರಡಿ ಎಂದೆ. ಮೇಲಿನವರಿಗೆ ಏನೋ ಹೇಳಿ ಓಡಿದೆ. ದಾರಿಯ ಅಂಗಡಿಯಲ್ಲಿ ಅಲಾರಂ ಕೊಂಡು, ಬಸ್ಸಿನಲ್ಲಿ ಅದರ ಪೊಟ್ಟಣವನ್ನು ಹಲ್ಲಿನಿಂದ ಹರಿದೆ.

ಅತ್ತೆ ಕೋಣೆಯಲ್ಲಿ ಮಲಗಿದ್ದರು. “ಅತ್ತೆ” ಎಂದು ಮೂರು ಸಲ ಕರೆದ ಮೇಲೆ ಕಣ್ಣು ತೆರೆದರು. ಅಲಾರಮನ್ನು ಮಂಚದ ಪಕ್ಕ ಇಟ್ಟೆ. ಎರಡೇ ನಿಮಿಷಕ್ಕೆ ಅದು ಕಿರುಚಿಕೊಂಡಿತು. ಅಷ್ಟು ಹೊತ್ತಿಗೆ, ನನ್ನ ಫೋನಿಗೆ ಹೆದರಿ ಬೇಗ ಬಂದಿದ್ದ ನಮ್ಮವರು ಮೆಟ್ಟಿಲು ಹತ್ತಿ ಬಂದು, ಅದು ಊದುಬತ್ತಿಗೆ ಕೂಗುವುದಿರಬೇಕು, ಅಗ್ಗದ್ದು ತಂದಿದ್ದೀಯ ಅಂದರು. ಊದುಬತ್ತಿ ಹಚ್ಚೇ ಇರಲಿಲ್ಲ. ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ಮದುವೆಯಾದ ಮೇಲೆ ಕಂಡದ್ದು ಅದೇ ಮೊದಲು. ಅಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡೇ ಕೆಳಗಿಳಿದರು.

ಶಾಲೆಯಿಂದ ಬಂದ ಅನಘಾ ನೋಡಿದ್ದು ಬೀದಿಯ ಗೋಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಅಜ್ಜಿಯನ್ನು. ಗ್ಯಾಸಿನ ತುರ್ತು ನಂಬರಿಗೆ ಕರೆ ಮಾಡಿದ ಮೇಲೆ ಬಂದವರು ನಡುವಯಸ್ಸಿನ, ಮಾತು ಕಡಿಮೆಯ ಒಬ್ಬರು. ಬಾಯ್ಲರಿನ ಮೇಲಿನ ಚಂದದ ಬಿಳಿ ಸೀಲಿಂಗನ್ನು ಚೌಕವಾಗಿ ಕೊಯ್ದು, ಟಾರ್ಚು ಹಾಕಿ, ಹಲ್ಲಿನ ಸಂದಿಯಿಂದ ಉಸಿರನ್ನು ಒಳಗೆಳೆದುಕೊಂಡರು. ಈ ದೇಶದಲ್ಲಿ ಮೆಕ್ಯಾನಿಕ್ ಆಗಲಿ ಪ್ಲಂಬರ್ ಆಗಲಿ ಹಾಗೆ ಉಸಿರೆಳೆದರೆ ಕೆಟ್ಟ ಸುದ್ದಿ ಎಂದು ತಿಳಿಯಬೇಕು. ಹೊಗೆಕೊಳವೆಯ ಎರಡು ತುಂಡುಗಳನ್ನು ಜೋಡಿಸಿದ ಕಡೆ ಸ್ಕ್ರೂ ಇರಲಿಲ್ಲ, ಕೆಳಗೆ ಆಧಾರ ಇರಲಿಲ್ಲ. ಜೋತುಬಿದ್ದು ಬಾಯಿ ಬಿಟ್ಟಿತ್ತು. ಒಳಗೆ ಗ್ಯಾಸೂ ಸರಿಯಾಗಿ ಉರಿಯುತ್ತಿರಲಿಲ್ಲ. ಅದು ಬಿಟ್ಟ ವಿಷವೆಲ್ಲ ಗೋಡೆಯಾಚೆಗೆ ಹೋಗದೆ ಸೀಲಿಂಗಿನೊಳಗೆ ತುಂಬಿ, ಮೇಲಿನ ಕೋಣೆಯ ಹಲಗೆಗಳ ಸಂದಿಯಿಂದ ಏರುತ್ತಿತ್ತು. ಅತ್ತೆಯ ಕೋಣೆಯ ನೆಲ ಬೆಚ್ಚಗಿದ್ದದ್ದು ಅದಕ್ಕೆ. ಕೆಲಸ ಯಾರದು ಎಂದು ಅವರು ಕೇಳಿದರು. ಮಾರಿದವನಿಗೆ ಫೋನ್ ಮಾಡಿದರೆ ಆ ನಂಬರೇ ಇರಲಿಲ್ಲ. ಅವರು ಗ್ಯಾಸ್ ಕಡಿದು, ಬಾಯ್ಲರಿನ ಹಣೆಗೆ ಅಪಾಯದ ಕೆಂಪು ಚೀಟಿ ಅಂಟಿಸಿ ಹೋದರು. ಅದೇ ವಾರ, ನಿಮ್ಮ ಬೀದಿಯ ಮನೆಗಳ ಬೆಲೆ ಮತ್ತೆ ಏರಿದೆ, ಮಾರುತ್ತೀರಾ ಎಂದು ಏಜೆಂಟರ ಬಣ್ಣದ ಕಾಗದವೂ ಬಾಗಿಲ ಸಂದಿಯಿಂದ ಒಳಗೆ ಬಿತ್ತು.

ಗ್ಯಾಸಿನವರು ಹೋದ ಕೂಡಲೇ ನನ್ನ ಆಸ್ಪತ್ರೆಗೇ ಕರೆದುಕೊಂಡು ಹೋದೆವು; ಅಲ್ಲಿ ಅತ್ತೆಯ ಮೂಗಿಗೆ ಆಮ್ಲಜನಕದ ಮಾಸ್ಕ್ ಹಾಕಿದರು. ನಾನು ದಿನಾ ಕೂರುವ ಮೇಜು ಅದೇ ಕಟ್ಟಡದಲ್ಲಿದೆ; ಆ ಸಂಜೆ ನಾನು ಅದರ ಇನ್ನೊಂದು ಬದಿಯಲ್ಲಿ ಬೆರಳು ಕಚ್ಚುತ್ತ ಕೂತಿದ್ದೆ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ವಿಷ ಏರಿದೆ, ಆದರೆ ನಾನು ಹೆದರಿದಷ್ಟಿಲ್ಲ, ಕಿಟಕಿ ತೆರೆದಿರುತ್ತಿತ್ತೇ ಎಂದು ಕೇಳಿದರು. ಇಲ್ಲ, ನಾನೇ ಟೇಪ್ ಹಾಕಿ ಮುಚ್ಚಿದ್ದೆ ಎಂದೆ. ಅತ್ತೆ ಮಾಸ್ಕನ್ನು ಒಂದಿಷ್ಟು ಸರಿಸಿದರು. “ನಿನ್ ಟೇಪ್ ನಾ ಕಿತ್ತಿದ್ದೆ ಹೆಣೆ. ರಾತ್ರಿ ಕಿಟ್ಕಿ ತೆಗ್ದ್ ಮಲ್ಕಂಬುದ್, ಬೆಳಿಗ್ಗೆ ವಾಪಾಸ್ ಅಂಟ್ಸುದ್. ನೀ ಬೈತ್ಯ ಅಂದೇಳಿ ಹೇಳ್ಲಿಲ್ಲೆ.” ನಾನು ಆ ವಾರ್ಡಿನಲ್ಲಿ, ನನ್ನನ್ನು ಬಲ್ಲ ಎಲ್ಲ ನರ್ಸುಗಳ ಎದುರು, ಗೊಳೋ ಎಂದು ಅತ್ತುಬಿಟ್ಟೆ. ನನ್ನ ಪ್ರೀತಿಯಿಂದ ಅವರು ಸಾಯುವುದರಲ್ಲಿದ್ದರು. ನನಗೆ ಹೇಳದೆ ಮಾಡಿದ ಕಳ್ಳತನದಿಂದ ಬದುಕಿದ್ದರು.

ಹೊಸ ಬಾಯ್ಲರ್ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ನಾಲ್ವರೂ ಹಾಲ್‌ನಲ್ಲಿ ಒಂದೇ ಕರೆಂಟಿನ ಹೀಟರಿನ ಸುತ್ತ ಸ್ವೆಟರು, ಟೋಪಿ, ಕಾಲುಚೀಲ ಹಾಕಿಕೊಂಡು ಮಲಗಿದೆವು. ಮೂಗಿನ ತುದಿ ಮರಗಟ್ಟುವ ಚಳಿ. ಅತ್ತೆಗೆ ಒಂದು ದಿನವೂ ತಲೆನೋವು ಬರಲಿಲ್ಲ. ಬಸಳೆ ಇಲ್ಲಿ ಸಿಗುತ್ತದೆಯೇ, ಯಾಕೆ ಸಿಗುವುದಿಲ್ಲ ಎಂದು ವಿಚಾರಣೆ ನಡೆಸುವಷ್ಟು ಗೆಲುವಾದರು. ತಲೆನೋವಾದದ್ದು ನಮಗೆ. ಅಲಾರಂ ಕೋಣೆಗೊಂದರಂತೆ ಬಂದವು. ನಮ್ಮವರು ದಿನಕ್ಕೆರಡು ಸಲ ಎಲ್ಲದರ ಗುಂಡಿ ಒತ್ತಿ ಕೂಗಿಸಿ ನೋಡುತ್ತಿದ್ದರು. ಅತ್ತೆ ಹಗಲು ಸ್ವಲ್ಪ ಕಣ್ಣು ಮುಚ್ಚಿದರೂ ನಾನು ಹೋಗಿ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಒಮ್ಮೆ ಅವರು ಕಣ್ಣು ಮುಚ್ಚಿಕೊಂಡೇ, “ಇದ್ದೆ ಮಾರಾಯ್ತಿ, ಹೋಯ್ಲಿಲ್ಲೆ,” ಅಂದರು.

ನಾವು ಮಾತ್ರ ಅವರ ಕ್ಷಮೆ ಕೇಳಲಿಲ್ಲ. ಕೇಳಬೇಕೆಂದು ನಮ್ಮವರಿಗೂ ಇತ್ತು, ನನಗೂ ಇತ್ತು. ನಮ್ಮ ಮನೆಗಳಲ್ಲಿ ದೊಡ್ಡವರಿಗೆ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿ ಎಲ್ಲಿದೆ? ಅದರ ಬದಲು ಶಾಲು ತಂದೆವು, ಬಾದಾಮಿ ತಂದೆವು, ಕಾಲಿಗೆ ಎಣ್ಣೆ ಹಚ್ಚಿದೆವು. ಅತ್ತೆ ಎಲ್ಲವನ್ನೂ ತೆಗೆದುಕೊಂಡರು, ಏನನ್ನೂ ಕೇಳಲಿಲ್ಲ. ನಮ್ಮ ಸೇವೆಯನ್ನು ಅವರು ಯಾವ ಲೆಕ್ಕಕ್ಕೆ ಸೇರಿಸಿಕೊಂಡರು ಎಂದು ತಿಳಿಯದೆ ನಾನು ಒದ್ದಾಡಿದೆ.

ಮೇ ತಿಂಗಳಲ್ಲಿ ಅತ್ತೆ ಊರಿಗೆ ಹೊರಡುವ ಹಿಂದಿನ ದಿನ. ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿದ್ದೆವು. ಹೀಟಿಂಗ್ ಆರಿಸಿ ಎರಡು ವಾರವಾಗಿತ್ತು. ಅತ್ತೆ ಮೆಟ್ಟಿಲಿಳಿದು ಬಂದು, ಕುರ್ಚಿಯಲ್ಲಿ ಕೂತು, ಹಣೆಗೆ ಕೈ ಹಚ್ಚಿ ಮೆಲ್ಲಗೆ ಅಂದರು: “ಮಂಡಿ ನೋವ್.”

ನಾನು ಹಿಡಿದಿದ್ದ ಹಾಲಿನ ಪಾತ್ರೆಯನ್ನು ಹಾಗೇ ಬಿಟ್ಟೆ. ನಮ್ಮವರು ಒಂದೇ ನೆಗೆತಕ್ಕೆ ಹೋಗಿ ಗ್ಯಾಸ್ ಆರಿಸಿದರು, ಹಿತ್ತಿಲ ಬಾಗಿಲು ತೆರೆದರು, ಮುಂಬಾಗಿಲಿಗೆ ಓಡಿದರು. ಅನಘಾ ಕಿಟಕಿಗಳನ್ನೆಲ್ಲ ಒಂದೊಂದಾಗಿ ನೂಕಿ ತೆರೆದು, “ಅಜ್ಜೀ, ಹೊರಗೆ ಬಾ, ಹೊರಗೆ ಬಾ,” ಎಂದು ಕೈ ಹಿಡಿದು ಎಳೆಯತೊಡಗಿದಳು. ಗಾಬರಿಯಲ್ಲಿ ಅವಳಿಗೆ ಇಂಗ್ಲಿಷ್ ಮರೆತೇ ಹೋಗಿತ್ತು. ನಾನು ಫೋನಿನಲ್ಲಿ ಗ್ಯಾಸಿನ ತುರ್ತು ನಂಬರು ಒತ್ತುತ್ತಿದ್ದೆ.

ಅತ್ತೆ ಏಳಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಮಗನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ ಹಣೆಯ ಮೇಲಿನ ಕೈ ತೆಗೆದು ಸೆರಗು ಸರಿಮಾಡಿಕೊಂಡರು.

“ಎಂತ ಇಲ್ಲೆ,” ಅಂದರು. “ಸುಮ್ನೆ ಹೇಳಿ ಕಂಡದ್ದ್.”